ಕಾಲಿಲ್ಲದ ಒಡೆಯ

“ಅಜ್ಜಾರ, ಕಂಪನಿ ಮಾಡಿದ ಸಾಲ ಅದರೊಳಗ ಕುಂತವನಿಗೆ ಅಂಟತೈತೇನ್ರಿ?”

ಹೀಗೆ ಕೇಳಿದವನು ಯಂಕಣ್ಣ. ಆ ಸೀಮೆಯಲ್ಲಿ ಗುರುಗಳನ್ನು ಅಜ್ಜಾರೆಂದೇ ಕರೆಯುವುದು. ಯಂಕಣ್ಣ ಸಂಸಾರಿ, ನೇಮ ನಿಷ್ಠೆಯವನು. ಹತ್ತಿ ಜಿನ್ನಿಂಗ್ ಗಿರಣಿಯ ಕಂಪನಿಯೊಂದರಲ್ಲಿ ನಿರ್ದೇಶಕನಾಗಿದ್ದ. ಗಿರಣಿ ಮುಚ್ಚಿಹೋಯಿತು. ಹತ್ತಿ ತಂದು ಹಾಕಿದ ರೈತರಿಗೂ ಹತ್ತಿಯ ಮೂಟೆ ಹೊತ್ತ ಹಮಾಲರಿಗೂ ಬರಬೇಕಾದದ್ದು ಬರಲಿಲ್ಲ. ಅವರು ಕೋರ್ಟಿಗೆ ಹೋದರು. ಸಾಲ ಕಂಪನಿಯದು, ಕಂಪನಿಯ ಆಸ್ತಿ ಎಷ್ಟಿದೆಯೋ ಅಷ್ಟರಲ್ಲೇ ಅದು ತೀರಬೇಕು, ಪಾಲುದಾರರು ತಾವು ಹಾಕಿದ ಪಾಲು ಕಳೆದುಕೊಂಡರೆ ಅಲ್ಲಿಗೆ ಮುಗಿಯಿತು, ನಿರ್ದೇಶಕರ ಮನೆ ಹೊಲ ಮುಟ್ಟುವಂತಿಲ್ಲ ಎಂದು ತೀರ್ಪಾಯಿತು.

“ವಕೀಲರು ಅಂಟಂಗಿಲ್ಲ ಅಂದ್ರು. ಜಡ್ಜ್ ಸಾಹೇಬ್ರೂ ಅಂಟಂಗಿಲ್ಲ ಅಂದ್ರು. ನೀವೂ ಒಂದು ಮಾತು ಅಂದುಬಿಡ್ರಿ. ನಿಶ್ಚಿಂತಿಯಿಂದ ಮನಿಗೆ ಹೋಗತೀನಿ” ಎಂದ ಯಂಕಣ್ಣ.

“ಗಿರಣಿ ನೆಲ ಕಚ್ಚಿದ್ದು ನಿನಗೆ ಯಾವಾಗ ತಿಳೀತು?” ಎಂದು ಗುರುಗಳು ಕೇಳಿದರು.

“ಎಲ್ಲಾರಿಗೂ ತಿಳಿದಾಗ್ರಿ” ಎಂದ ಯಂಕಣ್ಣ. ಹಾಗೆನ್ನುವಾಗ ಅವನು ಚಾಪೆಯ ಅಂಚು ನೋಡುತ್ತಿದ್ದ.

ಗುರುಗಳು ಅದನ್ನು ಮತ್ತೆ ಕೇಳಲಿಲ್ಲ. ಬೇರೆ ಮಾತು ತೆಗೆದರು. “ನಿಮ್ಮ ಊರಾಗ ಹಗೇವು ಇನ್ನೂ ಅದಾವೇನು?”

“ಎಲ್ಲೀ ಹಗೇವ್ರಿ. ಮುಚ್ಚಿ ಅಂಗಳ ಮಾಡೀವಿ. ಮೊಮ್ಮಕ್ಕಳಿಗೆ ಹಗೇವು ಅಂದ್ರ ಏನಂತನೂ ಗೊತ್ತಿಲ್ಲ.”

“ಹಂಗಾದರೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿತ್ತು. ಆ ಊರಿನವರು ಸುಗ್ಗಿಯ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಗಟ್ಟಿ ನೆಲ ನೋಡಿ ಗುಂಡಿ ತೋಡುವುದು. ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಗೆ ಸುತ್ತಲೂ ಹುಲ್ಲು ಕಟ್ಟಿ ಜೋಳ ಸುರಿದು, ಬಾಯಿಗೆ ಚಪ್ಪಡಿ ಇಟ್ಟು, ಮೇಲೆ ಹಸಿಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಅದಕ್ಕೇ ಹಗೇವು ಎನ್ನುವುದು.

ಹಗೇವು ತೋಡುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಇಲ್ಲದವರು ಇದ್ದವರ ಹಗೇವಿನಲ್ಲಿ ತಮ್ಮ ಕಾಳು ಇಡುತ್ತಿದ್ದರು. ಅದಕ್ಕೆ ಆ ಊರಿನಲ್ಲಿ ಒಂದು ಪದ್ಧತಿ. ಬಾಯಿ ಮುಚ್ಚಿದ ಮೇಲೆ ಹಗೇವಿನ ಒಡೆಯ ಹಸಿಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತು ತುಳಿಯಬೇಕು. ತುಳಿದವನೇ ಕಾಳಿಗೆ ಹೊಣೆ. ಕಾಳು ಕೆಟ್ಟರೆ, ಕಳುವಾದರೆ, ಅವನು ತನ್ನ ಮನೆಯ ಜೋಳ ಅಳೆದು ಕೊಡಬೇಕು. ಮನೆಯಲ್ಲಿ ಇಲ್ಲದಿದ್ದರೆ ಎತ್ತು ಮಾರಿ ಕೊಡಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಪದ್ಧತಿ ಒಳ್ಳೆಯದೇ. ಆದರೆ ಭಾರದ್ದು. ಹಿಂದೊಮ್ಮೆ ಒಬ್ಬನ ಹಗೇವಿಗೆ ಇಲಿ ಹೊಕ್ಕು, ಹೆರವರ ಕಾಳು ತೀರಿಸುವುದರಲ್ಲಿ ಅವನ ಮನೆತನವೇ ಮುಗಿದುಹೋಗಿತ್ತು. ಅಂದಿನಿಂದ ಉಳ್ಳವರು ಹೆರವರ ಕಾಳಿಗೆ ತುಳಿಯಲು ಹಿಂದೆಗೆದರು. ಬಡವರ ಜೋಳ ಗಡಿಗೆಯಲ್ಲೇ ಉಳಿದು ನುಸಿ ಹಿಡಿಯಿತು.

ಆ ಊರಲ್ಲಿ ಒಬ್ಬ ರೈತನಿದ್ದ. ಉಂಡುಟ್ಟು ಸುಖವಾಗಿದ್ದವನು. ಮನೆಯ ಮುಂದೆ ತನ್ನದೇ ಒಂದು ಹಗೇವು. ಅವನು ಕೊಟ್ಟ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಹೊಲಕ್ಕೆ ಹೋಗಿ ಬರುವವರು ಅವನ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದು ಮುಂದೆ ಹೋಗುವುದು ರೂಢಿ. ಅವನ ಗೆಳೆಯ ಒಬ್ಬ ವ್ಯಾಪಾರಿ. ನಾಲ್ಕು ಸೀಮೆ ತಿರುಗಿದವನು. ಒಂದು ದಿನ ಆ ವ್ಯಾಪಾರಿ ಇದೇ ಕಟ್ಟೆಯ ಮೇಲೆ ಕೂತು ಹೊಸದೊಂದು ಮಾತು ತೆಗೆದ.

“ನಾವೊಂದು ಕೂಟ ಮಾಡೂಣು. ಅದಕ್ಕ ಒಂದು ಹೆಸರಿಡೂಣು. ಹೆಸರಿಟ್ಟು ರಾಜರ ಕಚೇರಿಯೊಳಗ ಪತ್ರ ಮಾಡಿಸಿದ್ವಿ ಅಂದ್ರ ಅದೂ ಒಂದು ಆಳು ಇದ್ದಂಗ. ಹಗೇವು ಅದರದು, ಎತ್ತು ಅದರದು, ಸಾಲ ಆದ್ರ ಆ ಸಾಲನೂ ಅದರದ. ಮುಳುಗಿದ್ರ ನಾವು ಹಾಕಿದಷ್ಟ ಮುಳುಗತೈತಿ. ನಮ್ಮ ಮನಿ ಬಾಗಿಲಿಗೆ ಯಾರೂ ಬರಂಗಿಲ್ಲ.”

ರೈತ ಕೇಳಿದ, “ಅದೂ ಒಂದು ಆಳು ಅಂತಿ. ಉಣ್ಣಾಕ ಬರತೈತೇನು ಅದಕ್ಕ?”

“ಬರಂಗಿಲ್ಲ. ಅದ ಅದರ ದೊಡ್ಡ ಗುಣ” ಎಂದ ವ್ಯಾಪಾರಿ. ಇಬ್ಬರೂ ನಕ್ಕರು.

ರೈತನಿಗೆ ಮಾತು ಹಿಡಿಸಿತು. ಇದರಲ್ಲಿ ಮೋಸವೇನೂ ಕಾಣಲಿಲ್ಲ. ಇರಲೂ ಇಲ್ಲ. ಒಬ್ಬನ ಮನೆತನ ಮುಳುಗದೆ ಬಡವರ ಕಾಳು ಉಳಿಯುವುದಾದರೆ ಅದು ಪುಣ್ಯದ ಕೆಲಸವೇ ಎಂದುಕೊಂಡ. ಊರಿನ ಕೆಲವರು ತಮ್ಮ ಕೈಲಾದಷ್ಟು ಪಾಲು ಹಾಕಿದರು. ಕಚೇರಿಯಲ್ಲಿ ಪತ್ರವಾಯಿತು. ವ್ಯಾಪಾರಿಯ ಬುದ್ಧಿಯ ಮೇಲೆ ಊರಿಗೆ ಭರವಸೆಯಿತ್ತು, ಅವನ ಮೇಲೆ ಇರಲಿಲ್ಲ. ಆದ್ದರಿಂದ ರೈತನನ್ನೇ ಕೂಟದ ಹಿರಿಯನನ್ನಾಗಿ ಮಾಡಿದರು. ಹೊಸ ಹಗೇವುಗಳನ್ನು ತೋಡಿಸಿದರು.

ಮೊದಲ ಹಗೇವು ತುಂಬಿ ಬಾಯಿ ಮುಚ್ಚಿದ ದಿನ ಒಂದು ತೊಡಕು ಬಂತು. ಮಣ್ಣು ತುಳಿಯುವವರು ಯಾರು? ರೈತ ತುಳಿದರೆ ಹೊಣೆ ರೈತನದಾಗುತ್ತದೆ. ಒಡೆಯ ಅವನಲ್ಲ, ಕೂಟ. ಕೂಟಕ್ಕೆ ಕಾಲಿಲ್ಲ.

“ಕೂಟಪ್ಪನ್ನ ಕರೀರಿ. ಬಂದು ತುಳದು ಹೋಗಲಿ” ಎಂದ ಗುಂಪಿನಲ್ಲಿ ಒಬ್ಬ.

“ಅವ ಉಣ್ಣಂಗಿಲ್ಲಂತ. ಬಡಕ ಇರಬೇಕು. ಮಣ್ಣು ಕೂಡಂಗಿಲ್ಲ” ಎಂದ ಇನ್ನೊಬ್ಬ.

ನಗೆ ಮುಗಿಯುವುದರೊಳಗೆ ವ್ಯಾಪಾರಿ ಉಪಾಯ ಹುಡುಕಿದ. ಕಣದಲ್ಲಿ ಜೋಳದ ತೆನೆಯ ಮೇಲೆ ಎತ್ತು ಎಳೆಯುವ ರೋಣಗಲ್ಲು ಇತ್ತಲ್ಲ, ಅದನ್ನು ಉರುಳಿಸಿ ತರಿಸಿದ. ಹಸಿಮಣ್ಣಿನ ಮೇಲೆ ಅದನ್ನೇ ಹಾಯಿಸಿದ. ಮಣ್ಣು ಸಮವಾಯಿತು. ಯಾರ ಕಾಲಿನ ಗುರುತೂ ಬೀಳಲಿಲ್ಲ. ಜನರಿಗೆ ಇದು ತಮಾಷೆಯಾಗಿ ಕಂಡಿತು. ಒಪ್ಪಿದರು. ಅಂದಿನಿಂದ ಕೂಟದ ಹಗೇವಿಗೆ ಕಲ್ಲು, ಸ್ವಂತ ಹಗೇವಿಗೆ ಕಾಲು ಎಂದಾಯಿತು. ರೈತ ತನ್ನ ಮನೆಯ ಮುಂದಿನ ಹಗೇವನ್ನು ಮಾತ್ರ ತಾನೇ ತುಳಿಯುತ್ತಿದ್ದ.

ಕೆಲವು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ಎಲ್ಲರ ಜೋಳವೂ ಕೂಟದ ಹಗೇವಿನಲ್ಲಿ ಬೆರೆತು ಇರುತ್ತಿತ್ತು. ಯಾರು ಎಷ್ಟು ಇಟ್ಟಿದ್ದರೋ ಅಷ್ಟು ಅಳೆದು ಕೊಡುವುದು, ಇಟ್ಟುಕೊಂಡದ್ದಕ್ಕೆ ಒಂದು ಬೊಗಸೆ ಕೂಟಕ್ಕೆ ಹಿಡಿಯುವುದು. ಬಡವರು ಮಳೆಗಾಲದಲ್ಲೂ ರೊಟ್ಟಿ ತಿಂದರು. ರೈತನನ್ನು ಹರಸಿದರು.

ಆಮೇಲೆ ಕಾಳು ಹೆಚ್ಚಾಯಿತು, ಹಗೇವು ಸಾಲದಾಯಿತು. ದೊಡ್ಡದೊಂದು ಹಗೇವನ್ನು ಕೆರೆಯ ಕೆಳಗಿನ ನೆಲದಲ್ಲಿ ತೋಡೋಣ, ಅಲ್ಲಿ ನೆಲ ಅಗ್ಗ ಎಂದ ವ್ಯಾಪಾರಿ. ಕೆರೆಯ ಕೆಳಗೆ ಹಗೇವು ತೋಡಬಾರದೆಂದು ರೈತನಿಗೆ ಗೊತ್ತಿತ್ತು. ತನ್ನ ಸ್ವಂತ ಹಗೇವಾಗಿದ್ದರೆ ಅವನು ಅಲ್ಲಿ ಗುದ್ದಲಿ ಊರಲು ಬಿಡುತ್ತಿರಲಿಲ್ಲ. ಆದರೆ ಇದು ಕೂಟದ್ದು. ಆಗಲಿ ಎಂದ.

ಆ ವರ್ಷದ ಆಷಾಢದಲ್ಲಿ ರೈತನಿಗೆ ಯಾಕೋ ಮನಸ್ಸು ತಡೆಯದೆ ಒಬ್ಬನೇ ಹೋಗಿ ಮೇಲಿನ ಮಣ್ಣು ಕೆದರಿ, ಆ ಹಗೇವಿನ ಚಪ್ಪಡಿಯನ್ನು ಒಂದಿಷ್ಟು ಸರಿಸಿ ಕೈ ಹಾಕಿದ. ಕೈಗೆ ಕಾಳು ಹತ್ತಲಿಲ್ಲ, ಹೆಂಟೆ ಹತ್ತಿತು. ಹೊರಗೆ ತೆಗೆದು ನೋಡಿದರೆ ಕರ್ರಗಾಗಿತ್ತು. ದನವೂ ಮೂಸುವಂತಿರಲಿಲ್ಲ. ಊರಿನ ಅರ್ಧ ಕಾಳು ಅದರಲ್ಲಿತ್ತು.

ಅವನು ಚಪ್ಪಡಿ ಮುಚ್ಚಿ, ಮತ್ತೆ ಮಣ್ಣು ಮೆತ್ತಿ, ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ನೇರ ವ್ಯಾಪಾರಿಯ ಮನೆಗೆ ಹೋದ.

“ಹೇಳಿದ್ರ ಕೂಟ ಇವತ್ತ ಮುಗೀತೈತಿ” ಎಂದ ವ್ಯಾಪಾರಿ. “ಹೇಳಲಿಲ್ಲಂದ್ರ ಸುಗ್ಗಿ ಬರತೈತಿ. ಹೊಸಾ ಕಾಳು ಬಿದ್ದ ಮ್ಯಾಲೆ ಹಳೇದು ತುಂಬಿ ಕೊಡೂಣು. ಯಾರಿಗೆ ಏನು ನಷ್ಟ?”

ರೈತ ಮನೆಗೆ ಬಂದ. ಈಗಲೇ ಹೇಳಿದರೆ ಒಳ್ಳೆಯ ಹಗೇವುಗಳಲ್ಲಿ ಉಳಿದಿರುವುದನ್ನು ಎಲ್ಲರಿಗೂ ಅರ್ಧರ್ಧವಾದರೂ ಹಂಚಬಹುದು. ಅದು ಅವನಿಗೆ ತಿಳಿಯದ್ದೇನಲ್ಲ. ಆದರೆ ನಾನು ಒಂದು ಕಾಳನ್ನೂ ಮನೆಗೆ ತಂದಿಲ್ಲವಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಆಗಿತ್ತು. ನಿಜವಾದ ಆ ಒಂದು ಮಾತನ್ನು ಹಿಡಿದುಕೊಂಡು ಅವನು ಉಳಿದದ್ದನ್ನೆಲ್ಲ ಬಿಟ್ಟ.

ಮುಂದಿನ ವಾರ ವ್ಯಾಪಾರಿ, ಮನೆಯಲ್ಲಿ ಮದುವೆ ಇದೆಯೆಂದು ಹೇಳಿ, ಒಳ್ಳೆಯ ಹಗೇವಿನಿಂದ ತನ್ನ ಜೋಳವನ್ನೆಲ್ಲ ಅಳೆಸಿಕೊಂಡು ಹೋದ. ರೈತ ನೋಡುತ್ತ ನಿಂತಿದ್ದ. ವ್ಯಾಪಾರಿಯ ಮನೆಯಲ್ಲಿ ಮದುವೆಯ ವಯಸ್ಸಿನವರು ಯಾರೂ ಇರಲಿಲ್ಲವೆಂದು ಅವನಿಗೆ ಗೊತ್ತಿತ್ತು.

ಸುಗ್ಗಿ ಬಂತು. ಜನ ಎಂದಿನಂತೆ ಕಾಳು ತಂದರು. ರೈತ ಎಂದಿನಂತೆ ತೆಗೆದುಕೊಂಡ.

ಕೊನೆಗೆ ಬಂದವಳು ಒಬ್ಬ ಬಳೆಗಾರ್ತಿ. ಗಂಡ ಸತ್ತವಳು, ಹಿಂದೆ ಮುಂದೆ ಯಾರೂ ಇಲ್ಲದವಳು. ಊರೂರು ತಿರುಗಿ ಬಳೆ ಇಡಿಸುವವಳು. ರೈತರ ಮನೆಗಳಲ್ಲಿ ಬಳೆಗೆ ಬದಲು ಜೋಳ ಹಾಕುತ್ತಾರಲ್ಲ, ಹಾಗೆ ಸೇರು ಪಾವು ಕೂಡಿಸಿದ ಕಾಳು ಅವಳದು. ವರ್ಷದ ಅನ್ನ ಅಷ್ಟೇ. ಹಿಂದೆ ಎಂದೂ ಕೂಟದಲ್ಲಿ ಇಟ್ಟವಳಲ್ಲ. ಅವಳ ಜೋಳವನ್ನು ಹಗೇವಿಗೆ ಸುರಿದು, ಬಾಯಿ ಮುಚ್ಚಿ, ಕಲ್ಲು ಉರುಳಿಸಿ ಆಯಿತು. ಆದರೂ ಅವಳು ಅಲ್ಲಿಂದ ಕದಲಲಿಲ್ಲ.

“ಅಣ್ಣಾ, ನನಗ ಕೂಟ ಗೊತ್ತಿಲ್ಲ. ನೀ ಗೊತ್ತು. ನೀ ಒಮ್ಮೆ ತುಳದುಬಿಡು.”

“ಕೂಟದ ಹಗೇವಿಗೆ ನಾ ತುಳಿಯೂ ಪದ್ಧತಿ ಇಲ್ಲವಾ.”

“ಪದ್ಧತಿ ನಿಮ್ಮದು. ಜ್ವಾಳ ನಂದು.”

ಸುತ್ತ ನಿಂತವರು ನಕ್ಕರು. “ತುಳೀರಿ ಯಜಮಾನ್ರ, ಕಾಲು ಸವದು ಹೋಗಂಗಿಲ್ಲ” ಎಂದರು.

ರೈತ ಕಾಲಿನ ಕೆರ ಕಳಚಿಟ್ಟ. ಹಸಿಮಣ್ಣಿನ ಮೇಲೆ ಕಾಲಿಟ್ಟ. ಕೆಳಗಿನ ಕಾಳು ಒಳ್ಳೆಯದೇ ಎಂದು ಅವನಿಗೆ ಗೊತ್ತಿತ್ತು. ಅದು ಅಲ್ಲಿ ಬಹಳ ದಿನ ಇರುವುದಿಲ್ಲವೆಂದೂ ಗೊತ್ತಿತ್ತು. ಎರಡೂ ಕಾಲಿನ ಗುರುತು ನೆಟ್ಟಗೆ ಮೂಡಿದವು. ಬಳೆಗಾರ್ತಿ ಬಗ್ಗಿ ನೋಡಿ, ಆ ಗುರುತು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೋದಳು.

ಹತ್ತು ದಿನ ಕಳೆಯುವುದರೊಳಗೆ ಹಳೆಯ ಕಾಳು ಕೇಳುವವರು ಬಂದರು. ಹಳೆಯ ಕಾಳಿದ್ದ ಹಗೇವುಗಳು ಬರಿದಾಗಿದ್ದವು. ರೈತ ಸಲಿಕೆ ಹಿಡಿದು, ತಾನು ತುಳಿದ ಮಣ್ಣನ್ನು ತಾನೇ ಕಿತ್ತು, ಚಪ್ಪಡಿ ಸರಿಸಿ, ಅದರೊಳಗಿನ ಜೋಳ ಅಳೆದು ಕೊಟ್ಟ.

ಹೀಗೆ ಇವರದು ಅವರಿಗೆ, ಅವರದು ಇನ್ನೊಬ್ಬರಿಗೆ ಕೊಡುತ್ತ ಮುಂದಿನ ಮಳೆಗಾಲದವರೆಗೆ ತಳ್ಳಿದ. ಆ ಮಳೆಗಾಲದಲ್ಲಿ ಕೆರೆಯ ಕೆಳಗಿನ ಹಗೇವು ತಾನಾಗಿಯೇ ಕುಸಿದು ಬಾಯಿ ತೆರೆಯಿತು. ನಾತ ಊರಿಗೆಲ್ಲ ಹಬ್ಬಿತು. ಜನ ಚೀಲ ಹಿಡಿದು ಓಡಿ ಬಂದರು. ಉಳಿದ ಹಗೇವುಗಳಲ್ಲಿದ್ದದ್ದು ಮೊದಲು ಬಂದವರಿಗೆ ಸಿಕ್ಕಿತು. ನಡುವೆ ಬಂದವರಿಗೆ ಬಾಚಿದ್ದು ಸಿಕ್ಕಿತು. ಬಳೆಗಾರ್ತಿ ಆಗ ದೂರದ ಹಳ್ಳಿಗಳಲ್ಲಿ ಬಳೆ ಇಡಿಸುತ್ತಿದ್ದಳು. ಅವಳು ತಿರುಗಿ ಬರುವ ಹೊತ್ತಿಗೆ ಹಗೇವಿನ ತಳದ ಹುಲ್ಲನ್ನೂ ಯಾರೋ ದನಕ್ಕೆ ಒಯ್ದಿದ್ದರು.

ಕಾಳು ಸಿಗದವರು ರಾಜನ ಕಚೇರಿಗೆ ಹೋದರು. ಅಧಿಕಾರಿ ಒಳ್ಳೆಯವನು, ಲಂಚ ಮುಟ್ಟದವನು. ಪತ್ರ ಓದಿಸಿದ. ಕೂಟದ ಎತ್ತು ಬಂಡಿಗಳನ್ನು ಮಾರಿಸಿ, ಬಂದದ್ದನ್ನು ಹಂಚಿಸಿದ. ಅದು ಬಾಯಿಗೂ ಬರಲಿಲ್ಲ, ಹೊಟ್ಟೆಗೂ ಬರಲಿಲ್ಲ. ಪಾಲು ಹಾಕಿದವರ ಪಾಲು ಹೋಯಿತು, ಅವರಿಂದ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದ. ಆಮೇಲೆ ರೈತನನ್ನು ಮುಂದೆ ಕರೆದ.

“ನೀನು ಹಿರಿಯ. ಹಿರಿಯನಾದ ಮಾತ್ರಕ್ಕೆ ಕೂಟದ ಸಾಲ ನಿನ್ನದಾಗುವುದಿಲ್ಲ. ಆದರೆ ಎರಡು ಮಾತು ಕೇಳಬೇಕು. ನಿನ್ನ ಸ್ವಂತ ಹೊಣೆಯೆಂದು ಯಾರಿಗಾದರೂ ತುಳಿದು ಕೊಟ್ಟಿದ್ದೀಯಾ? ಕಾಳು ಕೆಟ್ಟದ್ದು ತಿಳಿದ ಮೇಲೂ ಜನರ ಕಾಳು ತೆಗೆದುಕೊಂಡಿದ್ದೀಯಾ? ಎರಡರಲ್ಲಿ ಒಂದು ಹೌದಾದರೂ ನಿನ್ನ ಮನೆಯ ಹಗೇವು ತೆಗೆಸಿ ಅಳೆಸಬೇಕಾಗುತ್ತದೆ. ಅದು ಸಾಲದಿದ್ದರೆ ಹೊಲ ಎಣಿಸಬೇಕಾಗುತ್ತದೆ.”

ರೈತ ತಲೆಯೆತ್ತಿ ನೋಡಿದ. ಇಡೀ ಊರು ಅಲ್ಲಿತ್ತು. ಮೂಲೆಯಲ್ಲಿ ವ್ಯಾಪಾರಿ ತನ್ನ ಉಗುರು ನೋಡುತ್ತ ಕೂತಿದ್ದ. ಹೌದೆಂದರೆ ಮನೆಯ ಹಗೇವು ಬರಿದಾಗುತ್ತದೆ, ಹೊಲ ಹೋಗುತ್ತದೆ, ಹೆಂಡತಿ ಹೆರವರ ಹೊಲದಲ್ಲಿ ಕಳೆ ಕೀಳಬೇಕಾಗುತ್ತದೆ. ಹಿಂದೆ ಮುಗಿದುಹೋದ ಆ ಮನೆತನ ಅವನ ನೆನಪಿಗೆ ಬಂತು.

“ತಿಳಿದಿರಲಿಲ್ರಿ” ಎಂದ. ತುಳಿದದ್ದರ ಮಾತಿಗೆ, “ತುಳಿದದ್ದು ಖರೆ. ಮಣ್ಣು ಸಮ ಮಾಡಾಕ ತುಳಿದೆ” ಎಂದ.

ಅಧಿಕಾರಿ ಬಳೆಗಾರ್ತಿಯ ಕಡೆ ತಿರುಗಿದ. “ಏನಮ್ಮ, ನೀನು ಏನು ಹೇಳುತ್ತೀ?”

ಅವಳು ರೈತನನ್ನೇ ನೋಡಿದಳು. ನೋಡಿ ನೋಡಿ ಹೇಳಿದಳು, “ಅಣ್ಣ ಹಂಗಂದಾನಂದ್ರ ಹಂಗ ಇರಬೇಕ್ರಿ.”

ಗುರುತು ತೋರಿಸಲು ಮಣ್ಣು ಉಳಿದಿರಲಿಲ್ಲ. ಬೇರೆ ಸಾಕ್ಷಿ ಬರಲಿಲ್ಲ. ಅಂದು ನಕ್ಕವರೂ ಬಾಯಿ ಬಿಡಲಿಲ್ಲ. ಅವರು ನೋಡಿದ್ದು ಕಾಲನ್ನು, ಕಾಲಿನೊಳಗಿನ ಮನಸ್ಸನ್ನಲ್ಲ. ಕೂಟ ಸತ್ತಿತು, ಸತ್ತವರ ಮೇಲೆ ದಾವೆ ನಡೆಯದು ಎಂದು ಅಧಿಕಾರಿ ತೀರ್ಮಾನ ಹೇಳಿ ಎದ್ದ.

ರೈತ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಅಳೀಬೇಕಂತೇನು?” ಎಂದು ಕೇಳಿದಳು.

“ಬ್ಯಾಡಂತ.”

ಅವಳಿಗೆ ಸಮಾಧಾನವಾಗಬೇಕಿತ್ತು. ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು.

ಜನ ಬಂದು ಬೈಯುತ್ತಾರೆ, ಬಾಗಿಲಿಗೆ ಕಲ್ಲು ಎಸೆಯುತ್ತಾರೆ ಎಂದು ರೈತ ಎಣಿಸಿದ್ದ. ಅದಕ್ಕೆ ಉತ್ತರವನ್ನೂ ಕಟ್ಟಿಟ್ಟುಕೊಂಡಿದ್ದ. ಯಾರೂ ಬರಲಿಲ್ಲ. ಬೈಯಲೂ ಬರಲಿಲ್ಲ, ನೀರು ಕುಡಿಯಲೂ ಬರಲಿಲ್ಲ. ಹೊಲಕ್ಕೆ ಹೋಗುವವರು ಅವನ ಕಟ್ಟೆಯ ಹತ್ತಿರ ಬಂದಾಗ ಓಣಿಯ ಆಚೆ ಬದಿಗೆ ಸರಿದು ನಡೆದರು. ಅವನ ಹೆಂಡತಿ ಮಜ್ಜಿಗೆ ಕಡೆದ ದಿನ ಓಣಿಯ ಹೆಂಗಸರು ತಂಬಿಗೆ ಹಿಡಿದು ಬರುವುದಿತ್ತು. ಈಗ ಮಜ್ಜಿಗೆ ಹುಳಿಯಾಗಿ ಚೆಲ್ಲಿತು. ಲಗ್ನದ ಮನೆಯವರು ಅರಿಷಿಣ ಕುಂಕುಮ ಹಿಡಿದು ಕರೆಯಲು ಹೊರಟವರು, ಅವನ ಮನೆ ಬಂದಾಗ ಮಾತಾಡುತ್ತ ಮುಂದಿನ ಮನೆಗೆ ದಾಟಿದರು. ಗುಡಿಯಲ್ಲಿ ಅವನು ಕೈ ಮುಗಿದು ನಿಂತರೆ ಪಕ್ಕದವರು ತಮ್ಮ ಪಂಚೆಯನ್ನು ಸ್ವಲ್ಪ ಎಳೆದುಕೊಂಡರು. ಯಾರೂ ಇದನ್ನು ಕೂತು ಮಾತಾಡಿ ಗೊತ್ತುಮಾಡಿದ್ದಲ್ಲ.

ಪಾಲು ಹಾಕಿದ ಉಳಿದವರ ಮನೆಗೆ ಹೀಗಾಗಲಿಲ್ಲ. ಅವರಿಗೆ ಏನೂ ತಿಳಿದಿರಲಿಲ್ಲ, ಅವರೂ ಕಳೆದುಕೊಂಡವರೇ ಎಂದು ಊರು ಅವರ ಜೊತೆ ಎಂದಿನಂತೆ ಉಂಡಿತು. ವ್ಯಾಪಾರಿ ಬೇರೆ ಊರಿಗೆ ಹೋಗಿ ಬೇರೆ ಹೆಸರಿನಲ್ಲಿ ಇನ್ನೊಂದು ಕೂಟ ಮಾಡಿದನೆಂದು ಸುದ್ದಿ ಬಂತು. ಅಲ್ಲಿ ಅವನಿಗೆ ಬಹಳ ಮಾನವಂತೆ.

ಒಂದು ದಿನ ರೈತ ತನ್ನ ಹಗೇವು ತೆಗೆಯಲು ಹೊರಟ. ಹಗೇವು ತೆಗೆಯುವುದು ಒಬ್ಬನ ಕೆಲಸವಲ್ಲ. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು, ಮೇಲೆ ನಾಲ್ಕು ಜನ ಹಗ್ಗ ಹಿಡಿದಿರಬೇಕು. ಅವನು ನೆರೆಮನೆಯವನನ್ನು ಕರೆದ.

“ಕೂಟಕ್ಕ ಹೇಳಿ ಕಳಸ್ರಿ. ಬಂದು ಹಗ್ಗ ಹಿಡೀತೈತಿ” ಎಂದ ನೆರೆಯವನು. ಅವನ ಮುಖದಲ್ಲಿ ನಗೆ ಇರಲಿಲ್ಲ.

ಕೊನೆಗೆ ಹೆಂಡತಿಯೊಬ್ಬಳೇ ಹಗ್ಗವನ್ನು ಕಂಬಕ್ಕೆ ಸುತ್ತಿ ಹಿಡಿದಳು. ರೈತ ಇಳಿದ. ಜೋಳ ಮುತ್ತಿನಂತಿತ್ತು. ಒಂದು ಚೀಲ ತುಂಬಿ ಮೇಲೆ ಕಳಿಸಿ ತಾನೂ ಹತ್ತಿ ಬಂದ. ಆ ಚೀಲವನ್ನು ಬಂಡಿಗೆ ಹೇರದೆ ತಾನೇ ಹೊತ್ತುಕೊಂಡು ಬಳೆಗಾರ್ತಿಯ ಮನೆಗೆ ಹೋದ. ಅವಳು ಇನ್ನಾರದೋ ಜೋಳ ಬೀಸುತ್ತಿದ್ದಳು. ಓಣಿಯ ಹೆಂಗಸರು ಇಬ್ಬರು ಮೂವರು ಜಗುಲಿಯ ಮೇಲಿದ್ದರು.

“ತಂಗೀ, ಇದು ನಿನ್ನ ಜ್ವಾಳ” ಎಂದ.

ಅವಳು ಬೀಸುವುದನ್ನು ನಿಲ್ಲಿಸಲಿಲ್ಲ. “ನನ್ನ ಜ್ವಾಳ ಕೂಟದ ಕಡೆ ಇತ್ತಣ್ಣಾ. ಕೂಟ ಸತ್ತಿತು ಅಂದ್ರಲ್ಲ.”

“ಇದು ನನ್ನ ಮನೀದು. ನಾ ಕೊಡಾಕ ಬಂದೀನಿ.”

“ನೀ ಯಾಕ ಕೊಡ್ತಿ? ನೀ ಮಣ್ಣು ಸಮ ಮಾಡಿದಾವ. ಸಾಲ ಇಲ್ಲದಾವನ ಕಡೆ ಇಸಗೊಂಡ್ರ ಅದು ಭಿಕ್ಷಾ ಆಗತೈತಿ. ನಾ ಬಳಿ ಮಾರೂ ಹೆಂಗಸು. ಭಿಕ್ಷಾ ಬೇಡಾಂಗಿಲ್ಲ.” ಕಲ್ಲಿಗೆ ಇನ್ನೊಂದು ಹಿಡಿ ಕಾಳು ಹಾಕಿ ಹೇಳಿದಳು, “ಹೊಣಿ ಅಂತ ತುಳಿದಿದ್ದೆ ಅಂತ ಹೇಳು. ಇಲ್ಲೇ ಇಳಿಸಿಕೋತೀನಿ.”

ಚೀಲ ಅವನ ಬೆನ್ನ ಮೇಲೆಯೇ ಇತ್ತು. ಹೇಳಿಬಿಡೋಣವೆಂದುಕೊಂಡ. ಜಗುಲಿಯ ಹೆಂಗಸರು ಮಾತು ನಿಲ್ಲಿಸಿ ಇತ್ತ ನೋಡುತ್ತಿದ್ದರು. ಅವರ ಕಾಳೂ ಹೋಗಿತ್ತು. ಇವಳಿಗೆ ತುಳಿದದ್ದು ಹೊಣೆಗೆಂದರೆ, ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಿದರೆ, ಯಾವಾಗ ತಿಳಿಯಿತು ಎಂದು ಕೇಳುತ್ತಾರೆ. ಅಲ್ಲಿಗೆ ಸಾಲ ಒಬ್ಬಳದಲ್ಲ, ಊರಿನದು. ಊರಿಗೆ ಅಳೆಯುವಷ್ಟು ಜೋಳ ಅವನ ಹಗೇವಿನಲ್ಲಿರಲಿಲ್ಲ. ಒಬ್ಬಳಿಗೆ ಕೊಡಬೇಕಾದರೆ ಎಲ್ಲರಿಗೂ ಕೊಡಬೇಕಿತ್ತು.

ಬೀಸುವ ಕಲ್ಲು ತಿರುಗುತ್ತಲೇ ಇತ್ತು. ಆಮೇಲೆ ಹೊತ್ತು ತಂದ ಚೀಲವನ್ನು ಹೊತ್ತುಕೊಂಡೇ ಹಿಂದಿರುಗಿದ.

ಬಳೆಗಾರ್ತಿ ಆ ವರ್ಷವೇ ಊರು ಬಿಟ್ಟಳು. ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಹೋದವಳು ಎಲ್ಲಿ ಉಳಿದಳೋ, ಏನು ಉಂಡಳೋ ತಿಳಿಯಲಿಲ್ಲ. ಹೊಣೆಗೆಂದೇ ತುಳಿದೆ ಎಂಬ ಮಾತನ್ನು ರೈತ ಆಡುವುದಾದರೂ ಕೇಳುವವಳು ಈಗ ಇರಲಿಲ್ಲ.

ರೈತನ ಹೊಲ ಅವನ ಬಳಿಯೇ ಉಳಿಯಿತು. ಹಗೇವು ತುಂಬಿಯೇ ಇತ್ತು. ಬೇಕಾದಾಗ ಗಂಡ ಹೆಂಡತಿ ಇಬ್ಬರೇ ತೆಗೆದರು, ಇಬ್ಬರೇ ಬೀಸಿದರು, ಇಬ್ಬರೇ ಉಂಡರು. ಹಬ್ಬ ಬಂದರೆ ಆ ಮನೆಯಲ್ಲಿ ಕಡುಬು ಮಾಡಲಿಲ್ಲ. ಮಾಡಿದರೆ ಕೊಡುವುದು ಯಾರಿಗೆ ಎಂದು ಹೆಂಡತಿ ಸುಮ್ಮನಾದಳು. ಅವನು ಕಟ್ಟೆಯ ಮೇಲೆ ಕುಡಿಯುವ ನೀರಿನ ಕೊಡ ತುಂಬಿಡುವುದನ್ನು ಮಾತ್ರ ಬಿಡಲಿಲ್ಲ. ಸಂಜೆಯಾದ ಮೇಲೆ ಆ ನೀರನ್ನು ತಾನೇ ಗಿಡಕ್ಕೆ ಹಾಕುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಯಂಕಣ್ಣ ಮುಂದಿನ ಮಾತಿಗೆ ಕಾದ. ಬರಲಿಲ್ಲ. ಕೊನೆಗೆ ತಾನೇ ಮಾತಾಡಿದ. “ಆದ್ರ ಅಜ್ಜಾರ, ಕಚೇರಿ ತೀರ್ಮಾನ ತಪ್ಪಲ್ಲಲ್ರಿ? ಪತ್ರದಾಗ ಇದ್ದಂಗ ಹೇಳಿದ್ರು. ಸತ್ತಿದ್ದು ಕೂಟ. ರೈತ ಅಲ್ಲ.”

“ಹೌದಪ್ಪ, ಸತ್ತದ್ದು ಕೂಟವೇ” ಎಂದರು ಗುರುಗಳು. “ಸೂತಕ ಯಾರ ಮನೆಗೆ ಬಂತು?”